ಮನೆವಾರ್ತೆ: ಕಿವಿಯ ದೋಷವೋ, ಪೆಟ್ಟಿಗೆಯ ದೋಷವೋ?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಅನ್ನ ನೀರುಗಳಷ್ಟೇ ಸಹಜವಾಗಿ ಸಂಗೀತವೂ ಬಳಕೆಯಲ್ಲಿದೆ ಎಂದರೆ ಅದು ಬರಿಯ ಹೊಗಳಿಕೆಯ ಮಾತಲ್ಲ. ಗಂಗೂಬಾಯಿ ಹಾನಗಲ್ಲರು ಬಾಳಿ ಬದುಕಿದ ಊರಿದು. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ನಡೆದಾಡಿದ ಬೀದಿಗಳು ಪಕ್ಕದ ಧಾರವಾಡದಲ್ಲಿವೆ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದ ಮೇಲಂತೂ ಈ ಹಿರಿಯರ ಕಂಠವು ರೇಡಿಯೋ ಇದ್ದ ಮನೆಗಳನ್ನೆಲ್ಲ ಹೊಕ್ಕಿತು. ಮೊದಲು ಗ್ರಾಮಫೋನು, ಬಳಿಕ ರೇಡಿಯೋ, ಅದರ ಬೆನ್ನಿಗೆ ಕ್ಯಾಸೆಟ್ಟು, ಆಮೇಲೆ ಸಿ.ಡಿ. ಇಂದು ಅನೇಕ ಮನೆಗಳಲ್ಲಿ ಈ ಎಲ್ಲದರ ಜಾಗದಲ್ಲಿ ಮೇಜಿನ ಮೇಲಿನ ಕಂಪ್ಯೂಟರು ಕುಳಿತಿದೆ. ಮಗನ ಓದಿಗೆಂದೋ ಮನೆಯ ಲೆಕ್ಕಪತ್ರಕ್ಕೆಂದೋ ತಂದ ಯಂತ್ರ ಬೆಳಗಿನ ಹೊತ್ತು ವಚನಗಾಯನವನ್ನೂ ಕೇಳಿಸುತ್ತದೆ. ಆದರೆ ಆ ಯಂತ್ರವನ್ನು ಕೊಳ್ಳುವಾಗ ನಾವು ಪರದೆಯನ್ನು ನೋಡಿದೆವು, ನೆನಪಿನ ಸಾಮರ್ಥ್ಯವನ್ನು ವಿಚಾರಿಸಿದೆವು. ಸ್ಪೀಕರುಗಳನ್ನು ಮಾತ್ರ ಅಂಗಡಿಯವನು ಕೊಟ್ಟಂತೆ ಕಟ್ಟಿಸಿಕೊಂಡು ಬಂದೆವು.

ಪೆಟ್ಟಿಗೆಯೇನು ಮಹಾ, ಹಾಡು ಮುಖ್ಯ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗದಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮರಿಯನ್ನು ಕೇಳಿ ಮನಸೋತು, ಗುರುವನ್ನು ಅರಸಿಕೊಂಡು 1933ರಲ್ಲಿ ಮನೆಯನ್ನೇ ತೊರೆದ ಸಂಗತಿ ಪ್ರಸಿದ್ಧವಾಗಿದೆ. ಆತ ಕೇಳಿದ್ದು ಗ್ರಾಮಫೋನಿನ ತಟ್ಟೆಯಲ್ಲಿ. ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಗಾಯನ ಹಿಡಿಯುತ್ತಿತ್ತು. ತೀರ ಕೆಳಗಿನ ಗುಡುಗೂ ಇಲ್ಲ, ತೀರ ಮೇಲಿನ ಝಣತ್ಕಾರವೂ ಇಲ್ಲ. ಆದರೆ ನಡುವಿನ ಭಾಗದಲ್ಲಿ, ಎಂದರೆ ಮನುಷ್ಯನ ಕಂಠ ನೆಲೆಸುವ ಭಾಗದಲ್ಲಿ, ಆ ಯಂತ್ರ ಮೋಸ ಮಾಡುತ್ತಿರಲಿಲ್ಲ. ಬಾಲಕನ ಎದೆಗೆ ತಾಗಲು ಅಷ್ಟು ಸಾಕಾಯಿತು. ಇಂದಿನ ಲೇಖನದ ಕೀಲಿಯೂ ಇಲ್ಲಿಯೇ ಇದೆಯೆಂದು ನನ್ನ ನಂಬಿಕೆ.

ಕೇಶ್ವಾಪುರದ ಸೋದರಿಯೊಬ್ಬರು ಬರೆದ ಪತ್ರ ಈ ತಿಂಗಳ ವಿಷಯಕ್ಕೆ ಕಾರಣವಾಗಿದೆ. ಅವರ ಮಾವನವರಿಗೆ ಎಪ್ಪತ್ತೆಂಟು ವರ್ಷ. ಯಂತ್ರಗಳ ಸದ್ದಿನ ನಡುವೆ ಮೂವತ್ತು ವರ್ಷಕ್ಕೂ ಮಿಕ್ಕಿ ಫಿಟರ್ ಆಗಿ ದುಡಿದವರು. ಮುಂಜಾನೆ ಪೂಜೆ ಮುಗಿಸಿ ಒಂದು ತಾಸು ಮನಸೂರರ ವಚನಗಾಯನವನ್ನು ಕೇಳುವುದು ಅವರ ರೂಢಿ. ಮೊದಲು ಟೇಪ್ ರೆಕಾರ್ಡರಿನಲ್ಲಿ ಕೇಳುತ್ತಿದ್ದರು. ಅದು ಕೆಟ್ಟ ಮೇಲೆ ಮೊಮ್ಮಗ ಅವೇ ಹಾಡುಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಟ್ಟ. ಕೆಲವು ತಿಂಗಳು ಕೇಳಿದರು. ಬರಬರುತ್ತ ಹಾಡು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ ಎನ್ನತೊಡಗಿದರು. ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಹೊಸ ಸ್ಪೀಕರು ತರೋಣವೆಂದರೆ, "ಬಿಡವಾ, ನನ್ನ ಕಿವಿ ಹೋದುವು, ಇನ್ನ ಅದಕ್ಯಾಕ ರೊಕ್ಕ ಹಾಕ್ತೀರಿ" ಎನ್ನುತ್ತಾರೆ. ಮೊಮ್ಮಗನಿಗೆ ಮೇಜಿನ ಕೆಳಗೆ ದೊಡ್ಡ ಡಬ್ಬಿ ಇಡುವ, ಎದೆ ನಡುಗಿಸುವ ಜೋಡಣೆಯೇ ಬೇಕು. ಸೋದರಿಯು ಮನೆಖರ್ಚಿನಲ್ಲಿ ಮೂರು ಸಾವಿರ ರೂಪಾಯಿ ಉಳಿಸಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಮೇಲುನೋಟಕ್ಕೆ ಇದು ಅಂಗಡಿಯ ಪ್ರಶ್ನೆ. ಆದರೆ ಹಿರಿಯರೊಬ್ಬರು ತಮ್ಮ ದಿನದ ಅತ್ಯಂತ ಪ್ರೀತಿಯ ಒಂದು ತಾಸನ್ನು ಬಿಟ್ಟುಕೊಟ್ಟಿದ್ದಾರೆ, ಅದೂ ದೋಷ ತಮ್ಮದೇ ಎಂದು ಭಾವಿಸಿ. ಆದ್ದರಿಂದ ಹಣ ಬಿಚ್ಚುವ ಮೊದಲು ದೋಷ ಕಿವಿಯದೋ ಪೆಟ್ಟಿಗೆಯದೋ ಎಂಬುದನ್ನು ನಿರ್ಣಯಿಸಬೇಕು.

ಹಾಡು ಕೇಳಿಸಿ ಮಾತು ತಿಳಿಯದಿರುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ನಾದವೆಂದರೆ ಗಾಳಿಯ ಕಂಪನ. ಎಳೆಯ, ಆರೋಗ್ಯವಂತ ಕಿವಿಯು ಸೆಕೆಂಡಿಗೆ 20 ಕಂಪನಗಳಿಂದ 20,000 ಕಂಪನಗಳವರೆಗೆ ಗ್ರಹಿಸಬಲ್ಲದು. ಗಂಡಸಿನ ಮಾತಿನ ಮೂಲಸ್ವರ ಸುಮಾರು ನೂರರ ಆಸುಪಾಸಿನಲ್ಲಿ, ಹೆಂಗಸಿನದು ಇನ್ನೂರರ ಆಸುಪಾಸಿನಲ್ಲಿ ಇರುತ್ತದೆ. ಅ, ಆ, ಓ ಮೊದಲಾದ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಮತ್ತು ನಡುವಿನ ಕಂಪನಗಳಲ್ಲಿದೆ. ವ್ಯಂಜನಗಳ ಗುರುತು ಮಾತ್ರ ಮೇಲೆ, ಎರಡು ಸಾವಿರದಿಂದ ನಾಲ್ಕು ಸಾವಿರದ ನಡುವೆ. ಸ, ಶ, ಷಗಳದು ಅದಕ್ಕೂ ಮೇಲೆ. ಟೆಲಿಫೋನಿನ ಹಳೆಯ ತಂತಿಗಳು 300ರಿಂದ 3,400 ಕಂಪನಗಳನ್ನಷ್ಟೇ ಸಾಗಿಸುತ್ತಿದ್ದುದರಿಂದಲೇ ಹೆಸರು ಹೇಳುವಾಗ 'ಸೋಲಾಪುರದ ಸ' ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು.

ಈಗ ಶರಣ, ಚರಣ, ಕರಣ, ಹರಣ ಎಂಬ ನಾಲ್ಕು ಶಬ್ದಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಿರಿ. ಇವುಗಳಲ್ಲಿ ಮೊದಲ ವ್ಯಂಜನವೊಂದರ ಹೊರತು ಉಳಿದುದೆಲ್ಲ ಒಂದೇ. ಆ ಒಂದು ವ್ಯಂಜನ ಅಳಿಸಿಹೋದರೆ ಕೇಳುವವನಿಗೆ ರಾಗ ಉಳಿಯಿತು, ಲಯ ಉಳಿಯಿತು, ಅರ್ಥ ಹೋಯಿತು. ಖಯಾಲಿನಲ್ಲಿ ಒಂದು ಶಬ್ದ ಕೇಳಿಸದಿದ್ದರೆ ದೊಡ್ಡ ನಷ್ಟವಿಲ್ಲ. ಬಂದೀಶಿನ ಎರಡು ಸಾಲನ್ನು ಗಾಯಕ ಮತ್ತೆ ಮತ್ತೆ ತರುತ್ತಾನೆ. ವಚನದ ಮಾತು ಹಾಗಲ್ಲ. ಅಲ್ಲಿ ಶಬ್ದವೇ ಯಜಮಾನ, ರಾಗ ಅದರ ಬೆನ್ನ ಹಿಂದೆ ನಡೆಯುವ ಪರಿಚಾರಕ. ಆದಕಾರಣ ವಚನ ಕೇಳುವ ಮನೆಗೆ ಬೇಕಾದ ಸ್ಪೀಕರನ್ನು ಮಾತಿನ ಸ್ಪಷ್ಟತೆಯಿಂದ ಅಳೆಯಬೇಕೇ ಹೊರತು ಗುಡುಗಿನಿಂದಲ್ಲ.

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಈ ಮೇಲಿನ ಕಂಪನಗಳನ್ನೇ. ಕಾರ್ಖಾನೆಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಪೆಟ್ಟು ಬೀಳುವುದೂ ನಾಲ್ಕು ಸಾವಿರದ ಸುತ್ತಮುತ್ತಲೇ. ಆದ್ದರಿಂದ ಮಾವನವರ ಅನುಮಾನ ನಿರಾಧಾರವಾದುದೇನಲ್ಲ. ಆದರೆ ಅಗ್ಗದ ಸ್ಪೀಕರೂ, ಅದನ್ನು ಇಟ್ಟ ಸ್ಥಳವೂ ಕದಿಯುವುದು ಇದೇ ಭಾಗವನ್ನು. ಕೆಳಗಿನ ಸ್ವರಗಳು ಮೂಲೆ ಸುತ್ತಿಕೊಂಡು, ಮೇಜು ಬಳಸಿಕೊಂಡು ಹೇಗಾದರೂ ಬಂದು ತಲುಪುತ್ತವೆ. ಮೇಲಿನವು ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುವಂಥವು. ಅಡ್ಡ ಬಂದುದು ಪರದೆಯಾಗಲಿ, ಪುಸ್ತಕದ ಅಟ್ಟಿಯಾಗಲಿ, ಅವು ಅಲ್ಲಿಯೇ ನಿಲ್ಲುತ್ತವೆ. ಕಿವಿಯಲ್ಲಿ ಒಂದು ಪಾಲು, ಪೆಟ್ಟಿಗೆಯಲ್ಲಿ ಒಂದು ಪಾಲು ಕಳೆದರೆ ಉಳಿಯುವುದೇನು?

ಕೇಶ್ವಾಪುರ ನಮಗೆ ದೂರವಲ್ಲವಾದ್ದರಿಂದ ಒಂದು ರವಿವಾರ ಹೋಗಿ ನೋಡಿದೆನು. ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿತ್ತು. ನೆಲಕ್ಕೆ ಶಹಾಬಾದಿ ಕಲ್ಲು, ಗೋಡೆಗೆ ನುಣ್ಣನೆಯ ಗಿಲಾವು, ಎದುರಿಗೆ ಗಾಜಿನ ಕಪಾಟು. ಎರಡು ಪುಟ್ಟ ಸ್ಪೀಕರುಗಳಲ್ಲಿ ಒಂದು ಪರದೆಯ ಬೆನ್ನಿಗೆ, ಇನ್ನೊಂದು ಕೆಳಗೆ ಯು.ಪಿ.ಎಸ್. ಮೇಲೆ, ಗೋಡೆಗೆ ಮುಖ ಮಾಡಿಕೊಂಡು. ಮಾವನವರ ಆರಾಮಕುರ್ಚಿ ಹನ್ನೆರಡು ಅಡಿ ದೂರದಲ್ಲಿ, ಬಾಗಿಲ ಹತ್ತಿರ. ಕೇಶ್ವಾಪುರದವರಿಗೆ ಬೇರೆ ಹೇಳಬೇಕಾಗಿಲ್ಲ, ನಿಲ್ದಾಣದ ಕಡೆಯಿಂದ ರೈಲಿನ ಸೀಟಿ ಹೊತ್ತುಗೊತ್ತಿಲ್ಲದೆ ಬರುತ್ತಿತ್ತು.

ನಯಾಪೈಸೆ ಖರ್ಚಿಲ್ಲದ ಕೆಲಸದಿಂದ ಆರಂಭಿಸಿದೆವು. ಎರಡು ಸ್ಪೀಕರುಗಳನ್ನೂ ಮೇಜಿನ ಮೇಲೆ ತಂದು, ದಪ್ಪ ಪುಸ್ತಕಗಳ ಮೇಲೆ ಏರಿಸಿ, ಕುಳಿತವರ ಕಿವಿಯ ಎತ್ತರಕ್ಕೆ ಸರಿಹೊಂದಿಸಿದೆವು. ಪುಸ್ತಕಕ್ಕೂ ಸ್ಪೀಕರಿಗೂ ನಡುವೆ ನಾಲ್ಕು ಮಡಿಕೆ ಮಾಡಿದ ಹತ್ತಿಬಟ್ಟೆ ಹಾಕಿದುದರಿಂದ ಮೇಜು ತಾನೂ ಗುಂಯ್‌ಗುಡುವುದು ನಿಂತಿತು. ಎರಡರ ನಡುವಿನ ಅಂತರ ಎಷ್ಟೋ ಅವುಗಳಿಂದ ಕೇಳುವವರ ಅಂತರವೂ ಸರಿಸುಮಾರು ಅಷ್ಟೇ ಇರುವಂತೆ, ಮುಖ ಸ್ವಲ್ಪ ಒಳಕ್ಕೆ ತಿರುಗಿಸಿ ಇಟ್ಟೆವು. ಕುರ್ಚಿಯನ್ನು ನಾಲ್ಕಡಿ ದೂರಕ್ಕೆ ಎಳೆದೆವು. ದೂರ ಅರ್ಧವಾದಾಗ ಸ್ಪೀಕರಿನಿಂದ ನೇರವಾಗಿ ಬರುವ ನಾದ 6 ಡೆಸಿಬೆಲ್‌ನಷ್ಟು ಏರುತ್ತದೆ. ಅಷ್ಟನ್ನು ವಿದ್ಯುತ್ತಿನಿಂದ ಪಡೆಯಬೇಕೆಂದರೆ ನಾಲ್ಕು ಪಟ್ಟು ಶಕ್ತಿ ಬೇಕು. ಕುರ್ಚಿ ಎಳೆಯುವುದಕ್ಕೆ ಕರೆಂಟು ಬೇಕಾಗುವುದಿಲ್ಲ.

ನೆಲದ ಮೇಲೆ ನವಲಗುಂದದ ಜಮಖಾನೆ ಹಾಸಿದೆವು. ಅದು ಮನೆಯಲ್ಲಿಯೇ ಪೆಟ್ಟಿಗೆಯಲ್ಲಿ ಮಡಿಚಿ ಇಟ್ಟದ್ದಿತ್ತು. ಗಾಜಿನ ಕಪಾಟಿನ ಮೇಲೆ ಅಜ್ಜಿ ಹೊಲಿದ ಕೌದಿಯೊಂದನ್ನು ಇಳಿಬಿಟ್ಟೆವು. ಕಲ್ಲು, ಗಾಜು, ಗಿಲಾವು ಇವು ನಾದವನ್ನು ನುಂಗದೆ ಹಿಂದಕ್ಕೆ ಎಸೆಯುತ್ತವೆ. ಒಂದು ಶಬ್ದದ ಬಾಲ ಮುಂದಿನ ಶಬ್ದದ ತಲೆಯನ್ನು ಮುಚ್ಚುತ್ತದೆ. ಖಾಲಿ ಮನೆಯಲ್ಲಿ ಮಾತಾಡಿದಾಗ ಆಗುವ ಅನುಭವ ಇದೇ. ದಪ್ಪ ಬಟ್ಟೆ ಆ ಬಾಲವನ್ನು ಕತ್ತರಿಸುತ್ತದೆ. ನಮ್ಮ ಕೌದಿಗಿಂತ ದಪ್ಪವಾದ, ಅಗ್ಗವಾದ ವಸ್ತು ಈ ಕೆಲಸಕ್ಕೆ ಯಾವ ಅಂಗಡಿಯಲ್ಲಿ ಸಿಕ್ಕೀತು?

ಇನ್ನು ಕಂಪ್ಯೂಟರಿನ ಒಳಗೆ ಹಾಡಿನ ಬಣ್ಣ ಬದಲಿಸುವ ಸೌಲಭ್ಯಗಳಿರುತ್ತವೆ. ಮೊಮ್ಮಗ ಅದರಲ್ಲಿ ಬೇಸ್ ಎಂಬುದನ್ನು ತುತ್ತತುದಿಗೆ ಏರಿಸಿಟ್ಟಿದ್ದ. ಎರಡೂವರೆ ಅಂಗುಲದ ಕಾಗದದ ಬುಟ್ಟಿಯನ್ನು ತಳಬುಡವಿಲ್ಲದೆ ಕುಣಿಸಿದರೆ ಅದು ತಾನೂ ಒದರಿ, ಮೇಲಿನ ನಾದವನ್ನೂ ಕದಡುತ್ತದೆ. ಅದನ್ನು ತೆಗೆದು, ಎರಡು ಸಾವಿರದಿಂದ ನಾಲ್ಕು ಸಾವಿರದ ಗುಂಡಿಗಳನ್ನು ತುಸುವೇ ಏರಿಸಿದೆವು. ಕಂಪ್ಯೂಟರಿನ ವಾಲ್ಯೂಮನ್ನು ಮುಕ್ಕಾಲಿಗೂ ಮೇಲಿಟ್ಟು ಸ್ಪೀಕರಿನ ತಿರುಗಣೆಯನ್ನು ತಗ್ಗಿಸಿದಾಗ ಹಿನ್ನೆಲೆಯ ಸುಂಯ್ ಎಂಬ ಸದ್ದೂ ಕಡಿಮೆಯಾಯಿತು. ಇದರ ವಿರುದ್ಧ ಮಾಡುವವರೇ ಹೆಚ್ಚು.

ಮತ್ತೆ ಮನಸೂರರ ದನಿ ಹಚ್ಚಿದೆವು. ಮಾವನವರು ಕಣ್ಣು ಮುಚ್ಚಿ ಕುಳಿತರು. ಎರಡು ನಿಮಿಷವಾದ ಮೇಲೆ ಸೊಸೆಯ ಕಡೆ ತಿರುಗಿ, "ಮಾತು ತಿಳಿಯಾಕತ್ತೈತಿ ನೋಡವಾ" ಎಂದರು. ಪೂರ್ತಿ ಅಲ್ಲ, ಅರೆವಾಸಿ ಎಂದು ತಾವೇ ತಿದ್ದಿಕೊಂಡರು. ಕೇಳುವಾಗ ಅವರು ಬಲಗಿವಿಯನ್ನು ಮುಂದೆ ಮಾಡುತ್ತಿದ್ದುದು ನಮ್ಮೆಲ್ಲರ ಗಮನಕ್ಕೆ ಬಂತು. ಬೆನ್ನ ಹಿಂದೆ ನಿಂತು ಮೊಮ್ಮಗ ಮೆಲ್ಲನೆ ಕರೆದಾಗ ಒಮ್ಮೆ ಓಗೊಟ್ಟರು, ಒಮ್ಮೆ ಇಲ್ಲ. ಆದ್ದರಿಂದ ನಿರ್ಣಯ ಹೀಗಾಯಿತು: ದೋಷ ಎರಡರದೂ ಉಂಟು, ಪೆಟ್ಟಿಗೆಯದನ್ನು ನಾವು ನೋಡೋಣ, ಕಿವಿಯದನ್ನು ವೈದ್ಯರು ನೋಡಲಿ.

ಈ ಪರೀಕ್ಷೆಯನ್ನು ಎಲ್ಲರೂ ತಮ್ಮ ಮನೆಯ ಹಿರಿಯರಿಗೆ ಮಾಡಬಹುದು. ಒಳ್ಳೆಯ ಹೆಡ್‌ಫೋನ್ ಒಂದನ್ನು ಎರವಲು ತಂದು ಅದೇ ಹಾಡನ್ನು ಕೇಳಿಸಿರಿ. ಅದರಲ್ಲಿ ಮಾತು ಸ್ಪಷ್ಟವಾದರೆ ದೋಷ ಬಹುಪಾಲು ಸ್ಪೀಕರಿನದು, ಇಲ್ಲವೇ ಕೋಣೆಯದು. ಅದರಲ್ಲಿಯೂ ತಿಳಿಯದಿದ್ದರೆ, ಎದುರಿಗೆ ಕುಳಿತವರ ಮಾತನ್ನೂ ಅವರು ಎರಡು ಸಲ ಕೇಳುವಂತಾದರೆ, ಅಂಗಡಿಗೆ ಹೋಗುವ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಹೋಗಿರಿ. ಕೆಲವೊಮ್ಮೆ ಗುಗ್ಗೆ ಗಟ್ಟಿಯಾಗಿ ಕುಳಿತಿರುವುದೇ ಕಾರಣವಾಗಿರುತ್ತದೆ; ಅದನ್ನು ತೆಗೆದರೆ ಅಂದೇ ವ್ಯತ್ಯಾಸ ತಿಳಿಯುತ್ತದೆ. ಮನೆಯಲ್ಲಿ ಕಡ್ಡಿ ಹಾಕಿ ಕೆದಕುವುದು ಮಾತ್ರ ಸರ್ವಥಾ ಬೇಡ. ವಿದ್ಯಾನಗರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಶ್ರವಣಯಂತ್ರ ಹಾಕಿಕೊಳ್ಳಲು ನಾಚುವ ಹಿರಿಯರು ಕನ್ನಡಕ ಹಾಕಿಕೊಳ್ಳಲು ನಾಚುವುದಿಲ್ಲವಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗದ ವಿಷಯ.

ಇನ್ನು ಮೂರು ಸಾವಿರದ ಮಾತು. ಹೊಸದನ್ನು ಕೊಳ್ಳುವಾಗ ಮೊದಲು ಕಣ್ಣಿಗೆ ಬೀಳುವುದು ರಟ್ಟಿನ ಡಬ್ಬಿಯ ಮೇಲಿನ ವ್ಯಾಟಿನ ಅಂಕೆ. ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ 'ಸಾವಿರ ವ್ಯಾಟ್ ಪಿ.ಎಂ.ಪಿ.ಒ.' ಎಂದು ಬೆಳ್ಳಿಯ ಅಕ್ಷರದಲ್ಲಿ ಅಚ್ಚಾಗಿರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಕ್ಷಣದ ಒಂದು ತುಣುಕಿನಲ್ಲಿ ಯಂತ್ರ ಸಿಡಿದಂತೆ ಒದರಿದರೆ ಎಷ್ಟಾದೀತು ಎಂಬ ಊಹೆಯ ಅಂಕೆ ಅದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇರಲಿಲ್ಲ. ನಂಬಬೇಕಾದುದು ಆರ್.ಎಂ.ಎಸ್. ಎಂದು ಬರೆದ ಅಂಕೆ. ನಾಲ್ಕಡಿ ದೂರದಲ್ಲಿ ಕುಳಿತು ಕೇಳುವವರಿಗೆ ಬಗಲಿಗೆ ಐದರಿಂದ ಹತ್ತು ವ್ಯಾಟ್ ಆರ್.ಎಂ.ಎಸ್. ಧಾರಾಳವಾಯಿತು. ಹತ್ತರ ಬದಲು ಇಪ್ಪತ್ತು ವ್ಯಾಟಿನದು ತಂದರೆ ನಾದ ಇಮ್ಮಡಿಯಾಗುವುದಿಲ್ಲ, ಬರಿಯ 3 ಡೆಸಿಬೆಲ್ ಏರುತ್ತದೆ; ಅದು ಕಿವಿಗೆ ಹೌದೋ ಅಲ್ಲವೋ ಎಂಬಷ್ಟು ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಆಗಬೇಕು.

ಅಂಗಡಿಯಲ್ಲಿ ಅತ್ಯಂತ ಅಗ್ಗದವು ಯು.ಎಸ್.ಬಿ.ಯಿಂದಲೇ ಕರೆಂಟು ಪಡೆಯುವ ಜೋಡಿಗಳು. ಇಲ್ಲಿ ಒಂದು ಸರಳ ಲೆಕ್ಕವಿದೆ. ಕಂಪ್ಯೂಟರಿನ ಸಾಮಾನ್ಯ ಯು.ಎಸ್.ಬಿ. ಕಿಂಡಿಯಿಂದ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ದೊರೆಯುತ್ತದೆ. ಎಂದರೆ ಒಟ್ಟು ಎರಡೂವರೆ ವ್ಯಾಟ್. ಎರಡು ಸ್ಪೀಕರಿಗೂ ಸೇರಿ ಇಷ್ಟೇ. ಆ ಡಬ್ಬಿಯ ಮೇಲೆ ಇಪ್ಪತ್ತು ವ್ಯಾಟ್ ಎಂದು ಬರೆದಿದ್ದರೆ ಉಳಿದ ಹದಿನೇಳೂವರೆ ಎಲ್ಲಿಂದ ಬಂತೆಂದು ಅಂಗಡಿಯವರನ್ನು ವಿನಯದಿಂದ ಕೇಳಬಹುದು. ಒಬ್ಬರೇ ಹತ್ತಿರ ಕುಳಿತು ಕೇಳುವುದಕ್ಕೆ ಅಂಥವೂ ಸಾಕು. ಪಡಸಾಲೆಯಲ್ಲಿ ನಾಲ್ವರು ಕೇಳುವಂತಿದ್ದರೆ ಗೋಡೆಯ ಪ್ಲಗ್ಗಿನಿಂದ ಕರೆಂಟು ಪಡೆಯುವ ಜೋಡಿಯನ್ನೇ ಆರಿಸಬೇಕು. ಅದರ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಇದೆಯೇ ನೋಡಿಕೊಳ್ಳಿರಿ. ದಿನವಿಡೀ ಪ್ಲಗ್ಗಿನಲ್ಲಿರುವ ವಸ್ತುವಿನ ವಿಷಯದಲ್ಲಿ ಇದು ಬರಿಯ ಔಪಚಾರಿಕತೆಯಲ್ಲ.

ಮೊಮ್ಮಗನು ಬಯಸಿದ, ಎರಡು ಪುಟ್ಟ ಸ್ಪೀಕರು ಮತ್ತು ಕೆಳಗೊಂದು ದೊಡ್ಡ ಡಬ್ಬಿಯ ಜೋಡಣೆಗೆ ಅಂಗಡಿಯಲ್ಲಿ 'ಟೂ ಪಾಯಿಂಟ್ ಒನ್' ಎನ್ನುತ್ತಾರೆ. ಸಿನಿಮಾಕ್ಕೆ, ಕುಣಿತದ ಹಾಡಿಗೆ ಅದು ಮಜಬೂತಾಗಿಯೇ ಇರುತ್ತದೆ. ಆದರೆ ಒಂದೇ ಮೊತ್ತವನ್ನು ಎರಡರ ಬದಲು ಮೂರು ಪೆಟ್ಟಿಗೆಗಳಿಗೆ ಹಂಚಿದಾಗ ಮಾತನ್ನು ಹೊರುವ ಎರಡು ಪುಟ್ಟ ಪೆಟ್ಟಿಗೆಗಳಿಗೆ ಉಳಿಯುವುದು ಕಡಿಮೆ. ಅವು ತೀರ ಚಿಕ್ಕವಾದಾಗ ಗಂಡುಕಂಠದ ಬುಡ ಕೆಳಗಿನ ಡಬ್ಬಿಯಿಂದಲೂ, ತುದಿ ಮೇಜಿನ ಮೇಲಿಂದಲೂ ಬರತೊಡಗುತ್ತದೆ. ಗಾಯಕನ ಹೊಟ್ಟೆ ನೆಲದ ಮೇಲೆ, ಬಾಯಿ ಮೇಜಿನ ಮೇಲೆ ಎಂಬಂತಾಗುತ್ತದೆ. ಹಳೆಯ ಮುದ್ರಣಗಳಲ್ಲಿ ತೀರ ಕೆಳಗಿನ ನಾದ ಹೆಚ್ಚಾಗಿ ಇಲ್ಲವೇ ಇಲ್ಲ. ಗಂಗೂಬಾಯಿಯವರು 'ಗಾಂಧಾರಿ' ಎಂಬ ಹೆಸರಿನಲ್ಲಿ ಕೊಟ್ಟ ಆರಂಭದ ತಟ್ಟೆಗಳನ್ನಾಗಲಿ, ಆಕಾಶವಾಣಿಯ ಹಳೆಯ ಗಾಯನಗಳನ್ನಾಗಲಿ ಆ ಡಬ್ಬಿಯ ಮೂಲಕ ಹರಿಸಿದರೆ ಹೆಚ್ಚಾಗಿ ಕೇಳುವುದು ತಟ್ಟೆ ತಿರುಗುವ ಗುಡುಗುಡು ಮತ್ತು ವಿದ್ಯುತ್ತಿನ ಗುಂಯ್‌ಗಾನ. ಹೀಗಾಗಿ ಮೂರು ಸಾವಿರದೊಳಗೆ ಎರಡೇ ಪೆಟ್ಟಿಗೆಯ ಜೋಡಿ ಮೇಲೆಂಬುದು ನನ್ನ ಅಭಿಪ್ರಾಯ. ಬುಟ್ಟಿ ಮೂರು ಅಂಗುಲಕ್ಕೆ ಕಡಿಮೆಯಿಲ್ಲದಿರಲಿ. ಪೆಟ್ಟಿಗೆ ಬೆರಳಿನಿಂದ ಬಡಿದರೆ ಖಾಲಿ ಡಬರಿಯಂತೆ ಸದ್ದು ಮಾಡದಿರಲಿ.

ಕೊಪ್ಪೀಕರ ರಸ್ತೆಯ ಅಂಗಡಿಗಳಿಗೆ ಹೋಗುವಾಗ ಮನೆಯಲ್ಲಿ ನೂರು ಸಲ ಕೇಳಿದ ಗಾಯನವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರು ಹಚ್ಚುವ ಹಾಡು ಅವರ ಸರಕಿಗೆ ಒಪ್ಪುವ ಹಾಡು. ನಿಮ್ಮ ಹಾಡನ್ನು ಸಣ್ಣ ದನಿಯಲ್ಲಿ ಹಚ್ಚಿಸಿರಿ; ದೊಡ್ಡದಾಗಿ ಹಚ್ಚಿದಾಗ ಎಲ್ಲ ಸ್ಪೀಕರುಗಳೂ ಒಳ್ಳೆಯವೆಂದೇ ತೋರುತ್ತವೆ. ಶ ಮತ್ತು ಸ ಬೇರೆ ಬೇರೆಯಾಗಿ ಕೇಳುತ್ತವೆಯೇ? ಅವು ಹಾವಿನಂತೆ ಬುಸುಗುಡುತ್ತಿದ್ದರೆ ಅದೂ ದೋಷವೇ. ತಂಬೂರಿಯ ತಂತಿ ಮೀಟಿದ ಮೇಲೆ ಉಳಿಯುವ ಝೇಂಕಾರ ದಾರದಂತೆ ಎಳೆಯಾಗಿ ಸಾಗುತ್ತದೆಯೋ, ಜೇನುಹುಟ್ಟಿನಂತೆ ಗೊಂದಲವಾಗುತ್ತದೆಯೋ? ಡಗ್ಗಾದ ಮೇಲಿನ ಪೆಟ್ಟಿಗೆ ಸ್ವರವಿದೆಯೋ, ಬರಿಯ ಧಪ್ ಎಂಬ ಸದ್ದಿದೆಯೋ? ಇಷ್ಟು ಕೇಳಿದರೆ ಸಾಕು, ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಬೇಕಾಗಿಲ್ಲ. ಬಂಗಾರದ ಲೇಪದ ದುಬಾರಿ ತಂತಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಆರೇಳು ಅಡಿಯ ಅಂತರಕ್ಕೆ ಗಟ್ಟಿಯಾದ ಸಾಧಾರಣ ತಂತಿಯೇ ಸಾಕು.

ಇನ್ನೊಂದು ದಾರಿ ನಮ್ಮ ಅಟ್ಟಗಳಲ್ಲಿಯೇ ಮಲಗಿದೆ. ತೊಂಬತ್ತರ ದಶಕದಲ್ಲಿ ಕಂತು ಕಟ್ಟಿ ತಂದ ಮ್ಯೂಸಿಕ್ ಸಿಸ್ಟಮ್ಮಿನ ಯಂತ್ರ ಕೆಟ್ಟಿದ್ದರೂ ಅದರ ಮರದ ಪೆಟ್ಟಿಗೆಗಳು ಕೆಟ್ಟಿರಬೇಕೆಂದಿಲ್ಲ. ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲಿನಿಂದ ಸ್ಪೀಕರಿನ ಎರಡು ತಂತಿಗಳನ್ನು ಕ್ಷಣಮಾತ್ರ ಮುಟ್ಟಿಸಿರಿ. ಟಕ್ ಎಂದು ಸದ್ದಾಗಿ ಬುಟ್ಟಿ ಅಲುಗಿದರೆ ಜೀವವಿದೆ. ಎರಡರ ಬುಟ್ಟಿಯೂ ಒಂದೇ ಕಡೆಗೆ ಅಲುಗುವಂತೆ ಧನ-ಋಣಗಳನ್ನು ಗುರುತು ಹಾಕಿಕೊಳ್ಳಿರಿ. ತಂತಿ ತಿರುವುಮುರುವಾದರೆ ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದು ನಾದವೇ ಬಡವಾಗುತ್ತದೆ. ಬುಟ್ಟಿಯ ಅಂಚಿನ ಸ್ಪಂಜಿನ ಉಂಗುರ ವರ್ಷಗಳಾದಂತೆ ಪುಡಿಯಾಗಿರುವುದುಂಟು. ರಬ್ಬರಿನ ಅಥವಾ ಬಟ್ಟೆಯ ಅಂಚು ಬಾಳಿಕೆ ಬರುತ್ತದೆ. ಸ್ಪಂಜು ಹೋಗಿದ್ದರೆ ಅದನ್ನಷ್ಟೇ ಬದಲಿಸಬಹುದು. ಇಂಥ ಪೆಟ್ಟಿಗೆಗೆ ಅಂಗೈಯಗಲದ ಪುಟ್ಟ ಆಂಪ್ಲಿಫೈಯರ್ ಜೋಡಿಸಿದರೆ, ಅದೇ ಬೆಲೆಯ ಹೊಸ ಪ್ಲಾಸ್ಟಿಕ್ ಸ್ಪೀಕರಿಗಿಂತ ಗಂಭೀರವಾದ ನಾದ ದೊರೆಯುವ ಸಂಭವವೇ ಹೆಚ್ಚು. ಪೆಟ್ಟಿಗೆಯ ಬೆನ್ನಿಗೆ 4 ಓಮ್ ಎಂದಿದೆಯೋ 8 ಓಮ್ ಎಂದಿದೆಯೋ ನೋಡಿ, ಅದಕ್ಕೆ ಹೊಂದುವ ಆಂಪ್ಲಿಫೈಯರನ್ನೇ ಕೇಳಿ ಕೊಳ್ಳಬೇಕು. ಬೆಸುಗೆಯ ಕೆಲಸ ಬಲ್ಲವರು ಮನೆಯಲ್ಲಿಲ್ಲದಿದ್ದರೆ ಓಣಿಯ ರೇಡಿಯೋ ರಿಪೇರಿಯವರನ್ನು ಹುಡುಕಿರಿ. ಅವರ ಸಂಖ್ಯೆ ಕಡಿಮೆಯಾಗಿದೆ, ಕೈಗುಣ ಕಡಿಮೆಯಾಗಿಲ್ಲ.

ಯಾವುದನ್ನು ಜೋಡಿಸಿದರೂ ಒಂದೇ ಸಮನೆ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಅದು ನಮ್ಮ ಮನೆಯ 50 ಆವರ್ತನದ ವಿದ್ಯುತ್ತಿನ ಕರೆ. ಕಂಪ್ಯೂಟರನ್ನೂ ಸ್ಪೀಕರನ್ನೂ ಒಂದೇ ಬೋರ್ಡಿನಿಂದ ಜೋಡಿಸಿದರೆ ಬಹಳ ಸಲ ನಿಲ್ಲುತ್ತದೆ. ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದು ವಾಯರ್‌ಮನ್ನನ್ನು ಕರೆಸಬೇಕು. ಸದ್ದು ನಿಲ್ಲುತ್ತದೆಂದು ಮೂರನೆಯ ಪಿನ್ನನ್ನು ಮುರಿದುಹಾಕುವ ಜಾಣರನ್ನು ನಾನು ಕಂಡಿದ್ದೇನೆ. ಆ ಜಾಣತನ ಜೀವಕ್ಕೆ ಎರವಾದೀತು.

ಕೇಶ್ವಾಪುರದ ಮನೆಯ ಅಟ್ಟದಲ್ಲಿ ಹಳೆಯ ಪೆಟ್ಟಿಗೆಗಳಿರಲಿಲ್ಲ. ಸೋದರಿಯು ಮಾವನವರನ್ನೂ ಮಗನನ್ನೂ ಕರೆದುಕೊಂಡು ಹೋಗಿ, ಮೂರು ಅಂಗಡಿ ತಿರುಗಿ, ಎರಡು ಪೆಟ್ಟಿಗೆಯ ಜೋಡಿಯೊಂದನ್ನು ಎರಡು ಸಾವಿರದ ಚಿಲ್ಲರೆಗೆ ತಂದರು. ಆರಿಸಿದವರು ಮಾವನವರೇ. ಉಳಿದ ಹಣ ಕಿವಿಯ ತಪಾಸಣೆಯ ಓಡಾಟಕ್ಕೆ ಆಯಿತು. ಎಡಗಿವಿಯಿಂದ ಗುಗ್ಗೆ ತೆಗೆದರು. ಎರಡೂ ಕಿವಿಗಳಲ್ಲಿ ಮೇಲಿನ ಕಂಪನಗಳ ಶ್ರವಣ ಕುಗ್ಗಿದೆಯೆಂದು ಯಂತ್ರದ ಗೆರೆ ತೋರಿಸಿತು. ಶ್ರವಣಯಂತ್ರದ ವಿಷಯ ಇನ್ನೂ ಮನೆಯಲ್ಲಿ ಚರ್ಚೆಯಲ್ಲಿದೆ. ಬೆಳಗಿನ ಒಂದು ತಾಸು ಮಾತ್ರ ಮರಳಿ ಬಂದಿದೆ. ಎಲ್ಲ ಶಬ್ದಗಳೂ ತಿಳಿಯುತ್ತವೆಯೆಂದಲ್ಲ. ತಿಳಿಯದ ಕಡೆ ಅವರು ವಚನಗಳ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಬೆರಳಿಟ್ಟು ಓದುತ್ತ ಕೇಳುತ್ತಾರಂತೆ.

ಮೊಮ್ಮಗನಿಗೂ ಎರಡು ಮಾತು. ಎದೆ ನಡುಗಿಸುವ ನಾದ ಬೇಕೆಂದು ಅವನು ಹೆಡ್‌ಫೋನಿನ ಮೊರೆಹೊಕ್ಕಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ತಾಸಿನವರೆಗೆ 80 ಡೆಸಿಬೆಲ್‌ನ ಮಿತಿಯನ್ನು ದೊಡ್ಡವರಿಗೂ, 75 ಡೆಸಿಬೆಲ್‌ನ ಮಿತಿಯನ್ನು ಮಕ್ಕಳಿಗೂ ಹೇಳಿದೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಅಜ್ಜ ಕಾರ್ಖಾನೆಯ ಸದ್ದಿನಲ್ಲಿ ಕಳೆದುಕೊಂಡದ್ದು ಸಂಸಾರ ಸಾಕುವುದಕ್ಕಾಗಿ. ಮೊಮ್ಮಗ ಅದನ್ನೇ ಕೈಯಾರೆ ಕೊಟ್ಟು ಕಳೆದುಕೊಳ್ಳುವುದು ಯಾವ ಲಾಭಕ್ಕೆ? ಇನ್ನು ಸ್ಪೀಕರಿನಲ್ಲಿಯೇ ಹಚ್ಚುವೆನೆಂದರೆ, 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿಯಿದೆ. ಗೋಡೆಗೆ ಗೋಡೆ ತಾಗಿದ ನಮ್ಮ ಓಣಿಗಳಲ್ಲಿ ನಿಯಮಕ್ಕಿಂತ ನೆರೆಯವರ ಮುಖವೇ ದೊಡ್ಡ ಕಾಯಿದೆ.

ಸೋದರಿಯು ಪತ್ರದ ಕೊನೆಗೆ ಹಳೆಯ ಪುಟ್ಟ ಜೋಡಿಯನ್ನು ಏನು ಮಾಡಲೆಂದೂ ಕೇಳಿದ್ದರು. ಅವು ಕೆಟ್ಟಿಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆ, ಒಲೆಯ ಉಗಿ ಮತ್ತು ಒಗ್ಗರಣೆಯ ಎಣ್ಣೆ ಸಿಡಿಯದ ಮೂಲೆಯಲ್ಲಿ, ಕಿವಿಯ ಎತ್ತರಕ್ಕೆ ಒಂದು ಹಲಗೆ ಹೊಡೆಸಿ ಇಟ್ಟುಕೊಳ್ಳಲಿ. ಅಲ್ಲಿಗೆ ಮೊಬೈಲಿನ ಚಾರ್ಜರಿನಿಂದಲೇ ಕರೆಂಟು ಕೊಡಬಹುದು. ರೊಟ್ಟಿ ಬಡಿಯುವ ಸದ್ದಿನಲ್ಲಿ ಶ, ಸಗಳ ಭೇದ ತಿಳಿಯದಿದ್ದರೂ ನಡೆದೀತು.